ರೋಮಿನ ನಲ್ಲಿಯಲ್ಲಿ ‘ಸಿ’ ಎಂದರೆ ಬಿಸಿ

ರೋಮಿಗೆ ಹೊರಡುವ ಮೊದಲು ನಾನು ಪರೀಕ್ಷೆಗೆ ಕೂರುವ ಹುಡುಗನಂತೆ ಓದಿಕೊಂಡಿದ್ದೆ. ಕೊಲೋಸಿಯಮ್ಮಿಗೆ ಗಂಟೆ ನಮೂದಿಸಿದ ಟಿಕೆಟ್ಟನ್ನು ಮುಂಚೆಯೇ ಕೊಳ್ಳಬೇಕು, 64ನೇ ನಂಬರಿನ ಬಸ್ಸಿನಲ್ಲಿ ಜೇಬಿನ ಮೇಲೆ ಕೈಯಿಟ್ಟುಕೊಂಡಿರಬೇಕು, ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕುಳಿತರೆ 2019ರಿಂದ ದಂಡ ಹಾಕುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಇವುಗಳಲ್ಲಿ ಒಂದರಿಂದಲೂ ನನಗೆ ತೊಂದರೆಯಾಗಲಿಲ್ಲ. ನನ್ನನ್ನು ಬೀಳಿಸಿದ್ದು ಅರ್ಥ ಚೆನ್ನಾಗಿ ಗೊತ್ತಿದೆಯೆಂದು ನಾನು ನಂಬಿಕೊಂಡಿದ್ದ ಪದಗಳು.

ಮೊದಲ ಪೆಟ್ಟು ಹೋಟೆಲಿನ ಬಚ್ಚಲುಮನೆಯಲ್ಲೇ ಬಿತ್ತು. ಜುಲೈ ತಿಂಗಳ ಸೆಕೆಯಲ್ಲಿ ಬೆವೆತು ಬಂದಿದ್ದ ನಾನು, ತಣ್ಣೀರು ಮೈಮೇಲೆ ಬಿದ್ದರೆ ಸಾಕೆಂದು ಇಂಗ್ಲಿಷಿನ ‘ಸಿ’ ಅಕ್ಷರವಿದ್ದ ನಲ್ಲಿಯನ್ನು ಪೂರ್ತಿ ತಿರುಗಿಸಿ ಅದರ ಕೆಳಗೆ ನಿಂತೆ. ಮರುಕ್ಷಣ ನಾನು ಕೂಗಿಕೊಂಡ ಸದ್ದು ಪಕ್ಕದ ಕೋಣೆಯಲ್ಲಿದ್ದ ನನ್ನ ಅತ್ತೆಯವರಿಗೂ ಕೇಳಿಸಿತು. ಇಟಾಲಿಯನ್ ಭಾಷೆಯಲ್ಲಿ ‘ಕಾಲ್ದೊ’ ಎಂದರೆ ಬಿಸಿ, ‘ಫ್ರೆದ್ದೊ’ ಎಂದರೆ ತಣ್ಣಗೆ. ಹಾಗಾಗಿ ಅಲ್ಲಿನ ‘ಸಿ’ ಬಿಸಿನೀರಿನದು, ‘ಎಫ್’ ತಣ್ಣೀರಿನದು. ಕನ್ನಡಿಗರು ಇದನ್ನು ನೆನಪಿಡುವುದು ಸುಲಭ, ಏಕೆಂದರೆ ನಮ್ಮ ‘ಬಿಸಿ’ಯೊಳಗೇ ಒಂದು ‘ಸಿ’ ಇದೆ. ಈ ಸೂತ್ರ ಹೊಳೆದದ್ದು ಬೆನ್ನಿಗೆ ಮುಲಾಮು ಹಚ್ಚಿಸಿಕೊಳ್ಳುವಾಗ. ಅತ್ತೆಯವರು ಮಾತ್ರ ಅಷ್ಟರಲ್ಲಿ ನಿಶ್ಚಿಂತೆಯಿಂದ ಸ್ನಾನ ಮುಗಿಸಿದ್ದರು. ಅಕ್ಷರದ ಗೊಡವೆಗೆ ಹೋಗದೆ ಎರಡೂ ನಲ್ಲಿಗಳನ್ನು ಸ್ವಲ್ಪ ಸ್ವಲ್ಪ ಬಿಟ್ಟು ಬೆರಳಿಟ್ಟು ನೋಡಿದ್ದರಂತೆ.

ಬಚ್ಚಲಿನ ಮಾತು ಬಂದಿದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಯೂರೋಪಿನಲ್ಲಿ ಶೌಚಕ್ಕೆ ಕಾಗದವೇ ಗತಿಯೆಂದು ಹೆದರಿ ನಾವು ಬೆಂಗಳೂರಿನಿಂದ ಪ್ಲಾಸ್ಟಿಕ್ ಚೊಂಬೊಂದನ್ನು ಬಟ್ಟೆಗಳ ನಡುವೆ ಅಡಗಿಸಿ ಒಯ್ದಿದ್ದೆವು. ಇಟಲಿಯ ಮನೆಗಳಲ್ಲಿ ತೊಳೆದುಕೊಳ್ಳುವ ‘ಬಿದೆ’ ಎಂಬ ತೊಟ್ಟಿ ಇರಲೇಬೇಕೆಂದು 1975ರಲ್ಲೇ ಕಾನೂನಾಗಿದ್ದು, ಹೋಟೆಲುಗಳಲ್ಲೂ ಅದು ಸಾಮಾನ್ಯ. ಚೊಂಬು ಹೋದ ಹಾಗೆಯೇ ಹಿಂದಿರುಗಿತು.

ಮರುದಿನ ಬೆಳಿಗ್ಗೆ ಕಾಫಿಯ ಸರದಿ. ಅಲ್ಲಿ ‘ಬಾರ್’ ಎಂದರೆ ಕಾಫಿ ಅಂಗಡಿ ಎಂಬುದನ್ನು ಅತ್ತೆಯವರಿಗೆ ಮನದಟ್ಟು ಮಾಡಿಸಲು ಹತ್ತು ನಿಮಿಷ ಹಿಡಿಯಿತು. ಹಲವು ಕಡೆ ಮೊದಲು ಗಲ್ಲಾದಲ್ಲಿ ಹಣ ಕೊಟ್ಟು, ಚೀಟಿಯನ್ನು ಕಾಫಿ ಮಾಡುವವನ ಮುಂದಿಡಬೇಕು. ನಮ್ಮ ದರ್ಶಿನಿಗಳಲ್ಲಿ ಪಳಗಿದವರಿಗೆ ಇದೇನೂ ಹೊಸತಲ್ಲ. ನಿಂತು ಕುಡಿದರೆ ಒಂದು ಬೆಲೆ, ಕುರ್ಚಿಯಲ್ಲಿ ಕುಳಿತರೆ ಅದಕ್ಕಿಂತ ಹೆಚ್ಚು ಎಂಬುದೂ ಗೊತ್ತಿದ್ದರಿಂದ, ನಿಂತುಕೊಂಡೇ ಗತ್ತಿನಿಂದ ‘ಲಾತ್ತೆ’ ಎಂದೆ. ಅವನು ನನ್ನ ಮುಖವನ್ನೊಮ್ಮೆ, ತಲೆಯ ನರೆಗೂದಲನ್ನೊಮ್ಮೆ ನೋಡಿ ಉದ್ದನೆಯ ಲೋಟದ ತುಂಬ ಹಾಲು ತಂದಿಟ್ಟ. ಬರಿಯ ಹಾಲು. ಸೂಟು ಧರಿಸಿ ನಿಂತಿದ್ದ ಆಫೀಸಿನ ಜನರ ಸಾಲಿನಲ್ಲಿ ನಾನೊಬ್ಬನೇ ಪ್ರಸ್ತದ ಮದುಮಗನಂತೆ ಹಾಲಿನ ಲೋಟ ಹಿಡಿದು ನಿಂತೆ. ಹಾಲು ಬೆರೆತ ಕಾಫಿ ಬೇಕಾದವರು ‘ಕಾಫೆ ಲಾತ್ತೆ’ ಎಂದು ಪೂರ್ತಿಯಾಗಿ ಹೇಳಬೇಕು. ಬರೀ ‘ಕಾಫೆ’ ಎಂದರೆ ಉದ್ಧರಣೆಯಲ್ಲಿ ಕೊಡುವ ತೀರ್ಥದಷ್ಟು ಕಪ್ಪು ಕಷಾಯ ಸಿಗುತ್ತದೆ.

ಆದರೆ ನನ್ನ ಮರ್ಯಾದೆ ಸಂಪೂರ್ಣವಾಗಿ ಹೋದದ್ದು ಪಿಜ್ಜಾ ಅಂಗಡಿಯಲ್ಲಿ. ಅತ್ತೆಯವರು ಈರುಳ್ಳಿಯನ್ನೂ ಏಕಾದಶಿ ನೋಡಿ ತಿನ್ನುವವರಾದ್ದರಿಂದ, ‘ಪೆಪೆರೋನಿ’ ಎಂದು ಬರೆದಿರುವುದರ ಹತ್ತಿರವೂ ಸುಳಿಯಬಾರದು, ಅದು ಮಾಂಸ ಎಂದು ನಾನು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದೆ. ಎರಡು ದಿನ ಅವರು ಟೊಮೇಟೊ ಮತ್ತು ಬೆಳ್ಳುಳ್ಳಿಯಷ್ಟೇ ಇರುವ, ಚೀಸ್ ಹಾಕದ ‘ಮರಿನಾರಾ’ ಪಿಜ್ಜಾದಲ್ಲಿ ಬೆಳ್ಳುಳ್ಳಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟು ತಿಂದರು. ಮೂರನೆಯ ದಿನ, ಪಿಜ್ಜಾವನ್ನು ಕತ್ತರಿಯಿಂದ ಕತ್ತರಿಸಿ ತೂಕಕ್ಕೆ ಮಾರುವ ಅಂಗಡಿಯೊಂದರಲ್ಲಿ, ಕೆಂಪು ಹಳದಿ ಪಟ್ಟಿಗಳಿದ್ದ ಒಂದನ್ನು ತೋರಿಸಿ, “ಇದು ತರಕಾರಿಯ ಹಾಗಿದೆಯಲ್ಲ, ಅಳಿಯಂದಿರೇ?” ಎಂದರು. ಚೀಟಿಯಲ್ಲಿ ‘ಪೆಪೆರೋನಿ’ ಎಂದಿತ್ತು. “ನೋಡುವುದಕ್ಕೆ ಹಾಗೆ ಕಾಣುತ್ತದೆ, ಅತ್ತೆ, ನಂಬಬೇಡಿ” ಎಂದೆ. ನಮ್ಮ ಜಗಳ ಅರ್ಥವಾದವಳಂತೆ ಅಂಗಡಿಯ ಹೆಂಗಸು ಒಳಗೆ ಹೋಗಿ, ಗುಂಡುಕಲ್ಲಿನಷ್ಟು ದೊಡ್ಡದಾದ ಒಂದು ದೊಣ್ಣೆಮೆಣಸಿನಕಾಯಿಯನ್ನು ತಂದು ಅತ್ತೆಯವರ ಕೈಗಿತ್ತಳು. ಅವರು ಅದನ್ನು ಮೂಸಿ ನೋಡಿ, ನನ್ನ ಕಡೆ ತಿರುಗಿ, ಏನೂ ಹೇಳಲಿಲ್ಲ. ಇಟಲಿಯಲ್ಲಿ ಪೆಪೆರೋನಿ ಎಂದರೆ ದೊಣ್ಣೆಮೆಣಸಿನಕಾಯಿ. ನಮ್ಮೂರಿನ ಪಿಜ್ಜಾದ ಮಾಂಸದ ಬಿಲ್ಲೆಗೆ ಹತ್ತಿರದ್ದು ಅಲ್ಲಿ ‘ಸಲಾಮೆ ಪಿಕ್ಕಾಂತೆ’. ಸಸ್ಯಾಹಾರಿಗಳು ಇದೊಂದನ್ನು ನೆನಪಿಟ್ಟುಕೊಂಡರೆ ಎರಡು ದಿನದ ಊಟ ಉಳಿಯುತ್ತದೆ.

ಬಸ್ಸಿನ ಕಾಗದದ ಟಿಕೆಟ್ಟು ಸಿಗುವುದು ‘ಟಿ’ ಅಕ್ಷರದ ಫಲಕವಿರುವ ತಬಾಕ್ಕಿಯಲ್ಲಿ, ಅಂದರೆ ಬೀಡಿ ಸಿಗರೇಟಿನ ಅಂಗಡಿಯಲ್ಲಿ. ಕೊಂಡರಷ್ಟೇ ಸಾಲದು, ಬಸ್ಸಿನೊಳಗಿನ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸಬೇಕು. ಅಲ್ಲಿಂದ 100 ನಿಮಿಷ ಅದಕ್ಕೆ ಜೀವ. ಮುದ್ರೆಯಿಲ್ಲದ ಟಿಕೆಟ್ಟನ್ನು ಮಡಿಸದೆ ಜೋಪಾನವಾಗಿ ಇಟ್ಟುಕೊಂಡಿದ್ದ ನಾನು, ಟಿಕೆಟ್ಟೇ ಇಲ್ಲದವನು ತೆರಬೇಕಾದಷ್ಟೇ ದಂಡ ತೆತ್ತೆ. ಇದರಲ್ಲಿ ಪದದ ತಪ್ಪೇನೂ ಇರಲಿಲ್ಲ.

ಸಂತ ಪೀಟರನ ಮಹಾದೇವಾಲಯದ ಬಾಗಿಲಲ್ಲಿ ಭುಜ ಮತ್ತು ಮೊಣಕಾಲು ಮುಚ್ಚಿರಬೇಕೆಂಬ ನಿಯಮವಿದೆ. ಸೀರೆಯುಟ್ಟ ಅತ್ತೆಯವರು ರಾಣಿಯಂತೆ ಒಳಗೆ ಹೋದರು. ಚಡ್ಡಿ ತೊಟ್ಟಿದ್ದ ನನ್ನನ್ನು ಕಾವಲುಗಾರ ಬದಿಗೆ ನಿಲ್ಲಿಸಿದ. ಕೊನೆಗೆ ಅವರ ಜರಿ ಅಂಚಿನ ಶಾಲನ್ನು ಲುಂಗಿಯಂತೆ ಸುತ್ತಿಕೊಂಡು, ಒಂದು ಕೈಯಲ್ಲಿ ಗಂಟು ಹಿಡಿದುಕೊಂಡೇ ಮೈಕೆಲೆಂಜೆಲೋನ ‘ಪಿಯೆತಾ’ ಶಿಲ್ಪದ ದರ್ಶನ ಮಾಡಿದೆ. “ಪಂಚೆ ಇಟ್ಟುಕೊಳ್ಳಿ ಅಂದೆ, ಚೊಂಬು ಇಟ್ಟುಕೊಂಡಿರಿ” ಎಂದರು ಅತ್ತೆಯವರು.

ಬೆಂಗಳೂರಿಗೆ ಮರಳಿದ ಮರುದಿನ ಬೆಳಗಿನ ಜಾವ, ಎಂಟು ದಿನಗಳ ಅಭ್ಯಾಸಬಲದಿಂದ ‘ಸಿ’ ನಲ್ಲಿಯನ್ನು ಪೂರ್ತಿ ತಿರುಗಿಸಿ ಕಣ್ಣುಮುಚ್ಚಿ ನಿಂತೆ. ಈ ಬಾರಿಯ ಕೂಗಿಗೆ ಅತ್ತೆಯವರು ಅಡುಗೆಮನೆಯಿಂದಲೇ ಕೇಳಿದರು: “ಬೆರಳಿಟ್ಟು ನೋಡಲಿಲ್ಲವೇ?”