ಒನಕೆಯ ತುದಿ ಎಲ್ಲಿ ಹೋಯ್ತು?

ಈಗಷ್ಟೇ ಟಿವಿ ಆಫ್ ಮಾಡಿ ಬಂದು ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಮಧ್ಯಾಹ್ನ ಒಂದು ಚಾನೆಲ್‌ನಲ್ಲಿ ‘ನಾಗರಹಾವು’ ಹಾಕಿದ್ದರು. 1972ರ ಚಿತ್ರ, ಪುಟ್ಟಣ್ಣ ಕಣಗಾಲರದ್ದು. ಮದುವೆಯಾಗಿ ದಾವಣಗೆರೆಗೆ ಬಂದು ಎಷ್ಟು ವರ್ಷವಾದರೂ ನಾನು ಚಿತ್ರದುರ್ಗದವಳೇ ಅಂತ ನಿಮಗೆಲ್ಲ ಗೊತ್ತು. ನಮ್ಮ ಕೋಟೆ ಪರದೆ ಮೇಲೆ ಬಂತೆಂದರೆ ಮನೆಯವರು ಯಾರೂ ನನ್ನನ್ನು ಮಾತಾಡಿಸುವುದಿಲ್ಲ.

ಓಬವ್ವನ ಹಾಡು ಬಂತು. ಜಯಂತಿ ಒನಕೆ ಎತ್ತಿದರು. ಒನಕೆಗೆ ತುದಿಯೇ ಇಲ್ಲ! ಟಿವಿಯ ಮೇಲಂಚಿಗೆ ಕತ್ತರಿಸಿ ಹೋಗಿದೆ. ಕೆಳಗೆ ಕಿಂಡಿಯೂ ಅರ್ಧಂಬರ್ಧ. ಅದರ ಮೇಲೆ ‘ಮುಂದಿನ ಕಾರ್ಯಕ್ರಮ’ ಅಂತ ಒಂದು ಪಟ್ಟಿ ಓಡುತ್ತಿದೆ. ಆ ಕಥೆಯಲ್ಲಿ ಇರುವುದೇ ಅವೆರಡು ಅಲ್ವಾ? ಕೆಳಗೆ ಹೈದರಾಲಿಯ ಸೈನಿಕ ನುಸುಳಿ ಬರುವ ಕಿಂಡಿ, ಮೇಲೆ ಎತ್ತಿ ಹಿಡಿದ ಒನಕೆ. ಅವೆರಡನ್ನೂ ಕತ್ತರಿಸಿ ನಡುವಿನ ಸೀರೆಯ ನೆರಿಗೆ ತೋರಿಸಿದರೆ ನಾವು ಏನನ್ನು ನೋಡಬೇಕು?

ಯಾಕೆ ಹೀಗಾಗುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಗಿನ ಸಿನಿಮಾದ ಚೌಕಟ್ಟು ಈಗಿನ ಟಿವಿಯಷ್ಟು ಅಗಲ ಇರಲಿಲ್ಲ. ಎತ್ತರ 3 ಪಾಲು ಅಂದರೆ ಅಗಲ ಸುಮಾರು 4 ಪಾಲು. ಹಳೆಯ ಡಬ್ಬಾ ಟಿವಿಯ ಆಕಾರವೂ ಅದೇ. ಈಗಿನ ಟಿವಿ 16ಕ್ಕೆ 9. ಹಳೇ ಚಿತ್ರವನ್ನು ಇದರಲ್ಲಿ ಪೂರ್ತಿ ತೋರಿಸಿದರೆ ಎಡಕ್ಕೆ, ಬಲಕ್ಕೆ ಕಪ್ಪು ಪಟ್ಟಿ ಉಳಿಯುತ್ತದೆ. ಅದು ಉಳಿಯಬಾರದು ಅಂತ ಚಿತ್ರವನ್ನು ಜೂಮ್ ಮಾಡುತ್ತಾರೆ. ಆಗ ಮೇಲೆ ಕೆಳಗೆ ಸೇರಿ ಹೆಚ್ಚುಕಮ್ಮಿ ಕಾಲು ಭಾಗ ಹೋಗುತ್ತದೆ. ಪ್ರತಿ ದೃಶ್ಯದಲ್ಲೂ, ಶುರುವಿನಿಂದ ಕೊನೆತನಕ. ಯಾರಾದರೂ ಸಿನಿಮಾದ ಕೊನೆಯ ಅರ್ಧ ಗಂಟೆ ತೋರಿಸದೆ ಬಿಟ್ಟಿದ್ದರೆ ಊರೆಲ್ಲ ಗಲಾಟೆ ಆಗುತ್ತಿತ್ತು. ಇದು ಅದಕ್ಕಿಂತ ಜಾಸ್ತಿ. ಆದರೂ ಯಾರೂ ಕೇಳುವುದಿಲ್ಲ.

ಪುಟ್ಟಣ್ಣ ಅವರು ಸುಮ್ನೆ ಎಲ್ಲೋ ಕ್ಯಾಮೆರಾ ಇಟ್ಟವರಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಸಿನಿಮಾ ಮಾಡಿದ್ದು ಅದು. ಅಷ್ಟೊಂದು ಕಥೆಯನ್ನು ಮಾತಿನಲ್ಲೇ ಹೇಳುತ್ತಾ ಕೂರುವುದಕ್ಕೆ ಆಗುವುದಿಲ್ಲ. ಹಾಗಾಗಿ ಎಷ್ಟೋ ವಿಷಯವನ್ನು ಕೋಟೆಯ ಕೈಯಲ್ಲೇ ಹೇಳಿಸಿದ್ದಾರೆ. ದ್ವೇಷದ ಹಾಡಿನಲ್ಲಿ ರಾಮಾಚಾರಿ ಆ ಬಂಡೆಗಳ ನಡುವೆ ಒಬ್ಬನೇ ಇರುತ್ತಾನೆ. ಅವನ ಹಿಂದೆ ಕಲ್ಲು, ಮೇಲೆ ಆಕಾಶ. ಆ ಹುಡುಗನ ಹಟ ಎಷ್ಟು ದೊಡ್ಡದು, ಅವನು ಎಷ್ಟು ಒಂಟಿ ಅಂತ ಗೊತ್ತಾಗುವುದು ಆ ಆಕಾಶದಿಂದಲೇ. ಇವತ್ತು ನೋಡಿದ್ದರಲ್ಲಿ ಆಕಾಶವೇ ಇರಲಿಲ್ಲ. ವಿಷ್ಣುವರ್ಧನ್ ಯಾವುದೋ ಗೋಡೆಯ ಮುಂದೆ ನಿಂತ ಹಾಗಿತ್ತು.

ಅಶ್ವಥ್ ಅವರ ಚಾಮಯ್ಯ ಮೇಷ್ಟ್ರಿಗೂ ಇದೇ ಗತಿ. ಅವರ ನಟನೆ ಬಗ್ಗೆ ನನಗೆ ಒಂದೇ ಅಭಿಪ್ರಾಯ, ಅದು ಬದಲಾಗುವುದಿಲ್ಲ. ಕನ್ನಡದಲ್ಲಿ ಅಂಥ ಮೇಷ್ಟ್ರು ಇನ್ನೊಬ್ಬರು ಬಂದಿಲ್ಲ. ಶಿಷ್ಯನ ಮೇಲಿನ ಪ್ರೀತಿ, ಅವನ ಬದುಕನ್ನು ನಾನೇ ಹಾಳು ಮಾಡಿಬಿಟ್ಟೆನಾ ಅನ್ನುವ ಸಂಕಟ, ಎರಡೂ ಅವರ ಮುಖದಲ್ಲೇ ಇರುತ್ತದೆ. ಮುಖ ಹತ್ತಿರದಿಂದ ತೋರಿಸುವ ದೃಶ್ಯಗಳಲ್ಲಿ ಹಣೆ ಮೇಲಂಚಿಗೆ ಹೋಗಿದೆ, ಗಲ್ಲ ಕೆಳಗಂಚಿಗೆ ಹೋಗಿದೆ. ಅಷ್ಟು ದೊಡ್ಡ ನಟನ ಮುಖದಲ್ಲಿ ನಮಗೆ ಸಿಗುವುದು ಕಣ್ಣು, ಮೂಗು ಮಾತ್ರ!

ಇದನ್ನೇ ಹೇಳಿದ್ದಕ್ಕೆ ನಮ್ಮ ಮೈದುನ, “ಅತ್ತಿಗೆ, ಅಷ್ಟು ದುಡ್ಡು ಕೊಟ್ಟು 55 ಇಂಚಿನ ಟಿವಿ ತಂದಿದ್ದು ಅಕ್ಕಪಕ್ಕ ಕಪ್ಪು ಪಟ್ಟಿ ನೋಡೋಕೇನ್ರಿ?” ಅಂದ. ನಮ್ಮೆಜಮಾನ್ರು ಅವನ ಕಡೆ ಸೇರಿಕೊಂಡರು. ಪಟ್ಟಿ ಬಂದರೆ ಜನ ಟಿವಿ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಕೇಬಲ್‌ನವನಿಗೆ ಫೋನ್ ಮಾಡುತ್ತಾರೆ, ಚಾನೆಲ್‌ನವರು ಪಾಪ ಏನು ಮಾಡಬೇಕು ಅಂತ. ಜನರಿಗೆ ಗೊತ್ತಿಲ್ಲ ಅನ್ನುವುದು ನಿಜವೇ ಇರಬಹುದು. ಹಾಗಾದರೆ ಶುರುವಿನಲ್ಲಿ ಒಂದು ಸಾಲು ಹಾಕಲಿ. ‘ಈ ಚಿತ್ರವನ್ನು ಮೂಲ ಆಕಾರದಲ್ಲೇ ತೋರಿಸುತ್ತಿದ್ದೇವೆ’ ಅಂದರೆ ಮುಗಿಯಿತು. ಸಿಗರೇಟು ಸೇದುವ ದೃಶ್ಯ ಬಂದಾಗಲೆಲ್ಲ ಕೆಳಗೆ ಎಚ್ಚರಿಕೆ ಹಾಕುವುದಕ್ಕೆ ಬರುತ್ತದೆ, ಇದೊಂದು ಸಾಲು ಹಾಕುವುದಕ್ಕೆ ಬರುವುದಿಲ್ವಾ? ಅಜ್ಜಿಯ ಹಳೇ ಫೋಟೋಗೆ ಹೊಸ ಕಟ್ಟು ಹಾಕಿಸುವಾಗ, ಕಟ್ಟು ಅಗಲ ಇದೆ ಅಂತ ಯಾರೂ ಅಜ್ಜಿಯ ತಲೆ ಕತ್ತರಿಸುವುದಿಲ್ಲ.

ಕೆಲವು ಚಾನೆಲ್‌ಗಳು ಕತ್ತರಿಸುವುದಿಲ್ಲ, ಅಡ್ಡಕ್ಕೆ ಎಳೆಯುತ್ತವೆ. ಅದರಲ್ಲಿ ಎಲ್ಲರೂ ಮೂರನೇ ಒಂದು ಪಾಲು ದಪ್ಪ ಆಗುತ್ತಾರೆ. ಆರತಿ ಅವರ ಹಣೆಯ ದುಂಡು ಕುಂಕುಮ ಮೊಟ್ಟೆಯಾಕಾರ ಆಗಿದ್ದರೆ ಎಳೆದಿದ್ದಾರೆ ಅಂತ ಅರ್ಥ. ಗಡಿಯಾರ, ಗಾಡಿಯ ಚಕ್ರ ನೋಡಿದರೂ ಗೊತ್ತಾಗುತ್ತದೆ. ಇದಕ್ಕಾದರೂ ದಾರಿ ಇದೆ. ರಿಮೋಟ್‌ನಲ್ಲಿ ಪಿಕ್ಚರ್ ಸೈಜ್ ಅಂತ ಇರುತ್ತದೆ, ಅಲ್ಲಿ 4:3 ಆರಿಸಿದರೆ ಮುಖ ಮೊದಲಿನ ಹಾಗೆ ಆಗುತ್ತದೆ. ಆದರೆ ಚಾನೆಲ್‌ನವರೇ ಕತ್ತರಿಸಿ ಕಳಿಸಿದ್ದನ್ನು ಯಾವ ರಿಮೋಟೂ ವಾಪಸ್ ತರುವುದಿಲ್ಲ.

ಈ ರೋಗ ಬರೀ ನಮ್ಮಲ್ಲಿ ಇಲ್ಲ. ಅಮೆರಿಕದ ‘ಸೈನ್‌ಫೆಲ್ಡ್’ ಧಾರಾವಾಹಿ 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಅಗಲ ಪರದೆಗೆ ಕತ್ತರಿಸಿ ಹಾಕಿದ್ದರು. ಅದರಲ್ಲಿ ರಸ್ತೆ ಗುಂಡಿಯ ಹೆಸರನ್ನೇ ಇಟ್ಟುಕೊಂಡ ಒಂದು ಸಂಚಿಕೆ ಇದೆ. ಆ ಗುಂಡಿಯೇ ಚೌಕಟ್ಟಿನಿಂದ ಆಚೆ ಹೋಗಿತ್ತು. ಡಿಸ್ನಿ ಪ್ಲಸ್‌ನಲ್ಲಿ 2019ರಲ್ಲಿ ‘ದಿ ಸಿಂಪ್ಸನ್ಸ್’ ಹಳೆಯ ಸಂಚಿಕೆಗಳಿಗೂ ಹೀಗೇ ಆಯಿತು. ಮೂರು ಬೇರೆ ಬೇರೆ ಹೆಸರಿನ ಬಿಯರ್ ಒಂದೇ ಪೈಪ್‌ನಿಂದ ಬರುತ್ತದೆ ಅನ್ನುವುದು ಒಂದು ಸಂಚಿಕೆಯ ತಮಾಷೆ. ಪೈಪ್ ಇದ್ದದ್ದು ಮೇಲೆ. ಮೇಲಿನದು ಕತ್ತರಿಸಿ ಹೋಯಿತು, ತಮಾಷೆಯೂ ಹೋಯಿತು. ಆದರೆ ಅಲ್ಲಿನ ಜನ ಬಿಡಲಿಲ್ಲ, ಕೇಳಿದರು. 2020ರಲ್ಲಿ ಮೂಲ ಆಕಾರದಲ್ಲೇ ನೋಡುವ ಆಯ್ಕೆ ಕೊಟ್ಟರು. ಒಂದು ಕಾರ್ಟೂನ್‌ಗೋಸ್ಕರ ಅಷ್ಟು ಜನ ಕೇಳಿದರು. ನಮ್ಮ ಪುಟ್ಟಣ್ಣನಿಗೋಸ್ಕರ ನಾವು ಯಾಕೆ ಕೇಳುತ್ತಿಲ್ಲ?

‘ನಾಗರಹಾವು’ 2018ರಲ್ಲಿ ಸಿನಿಮಾಸ್ಕೋಪ್ (ಈಗಿನ ಟಿವಿಗಿಂತಲೂ ಅಗಲದ ಚೌಕಟ್ಟು) ಆಗಿ, ಹೊಸ ಧ್ವನಿಯ ಜೊತೆ ಮತ್ತೆ ಚಿತ್ರಮಂದಿರಕ್ಕೆ ಬಂದಿತ್ತು. ಹೊಸ ಹುಡುಗರು ರಾಮಾಚಾರಿಗೆ ಶಿಳ್ಳೆ ಹೊಡೆದರೆ ಯಾರಿಗೆ ಖುಷಿಯಾಗುವುದಿಲ್ಲ? ಆದರೆ ಆಗಲೂ ನನ್ನ ಪ್ರಶ್ನೆ ಇದೇ ಇತ್ತು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ಬಂದದ್ದೇ 1977ರಲ್ಲಿ. 1972ರ ಚಿತ್ರವನ್ನು ಆ ಅಗಲಕ್ಕೆ ತರಬೇಕು ಅಂದರೆ ಒಂದೋ ಎಳೆಯಬೇಕು, ಇಲ್ಲ ಕತ್ತರಿಸಬೇಕು. ಕತ್ತರಿಸಿದರೆ 100ರಲ್ಲಿ 40 ಪಾಲಿಗಿಂತ ಜಾಸ್ತಿ ಹೋಗುತ್ತದೆ. ಧ್ವನಿ ಚೆನ್ನಾಗಿ ಮಾಡಿ, ಮಾಸಿದ ಬಣ್ಣ ಸರಿಮಾಡಿ, ಗೀರು ಅಳಿಸಿ, ಕೈಮುಗಿಯುತ್ತೇನೆ. ಆಕಾರ ಮಾತ್ರ ಮುಟ್ಟಬೇಡಿ.

ನನಗೆ ಇದು ಇಷ್ಟು ತಾಕುವುದಕ್ಕೆ ಇನ್ನೊಂದು ಕಾರಣ ಇದೆ. ಅಪ್ಪ ನಮ್ಮನ್ನು ಕೋಟೆಗೆ ಕರೆದುಕೊಂಡು ಹೋದಾಗಲೆಲ್ಲ ದಾರಿ ತುಂಬಾ ಈ ಸಿನಿಮಾದ ಮಾತೇ ಆಡುತ್ತಿದ್ದರು. ‘ಇಲ್ಲೇ ನೋಡವ್ವ ಅವರು ಕ್ಯಾಮೆರಾ ಇಟ್ಟಿದ್ದು’ ಅಂತ ಬಂಡೆ ಬಂಡೆಯನ್ನೂ ತೋರಿಸುತ್ತಿದ್ದರು. ಓಬವ್ವನ ಕಿಂಡಿಯ ಹತ್ತಿರ ನಮ್ಮನ್ನು ಬಗ್ಗಿಸಿ, ಒಳಗೆ ನುಸುಳಿಸಿ, ತಾವು ಮೇಲೆ ನಿಂತು ಒನಕೆ ಎತ್ತಿದ ಹಾಗೆ ಕೈ ಎತ್ತುತ್ತಿದ್ದರು. ಅಪ್ಪ ಈಗ ಇಲ್ಲ. ಕೋಟೆಯಲ್ಲೂ ಈಗ ಟಿಕೆಟ್, ಕಬ್ಬಿಣದ ಕಂಬಿ, ಸೆಲ್ಫಿ ಜನ. ಅಪ್ಪ ನೋಡಿದ ಕೋಟೆ ಉಳಿದಿರುವುದು ಆ ಸಿನಿಮಾದಲ್ಲಿ ಮಾತ್ರ. ಅದರಲ್ಲಿ ಕಾಲು ಭಾಗ ಕತ್ತರಿಸುವ ಅಧಿಕಾರ ಯಾರಿಗೂ ಇಲ್ಲ ಅಂತ ನಾನು ಹೇಳಿದರೆ ಅದು ಹಟ ಅಲ್ಲ.

ಮೊಬೈಲ್‌ನಲ್ಲಂತೂ ಕೇಳಲೇಬೇಡಿ. ‘ಮಾಲ್ಗುಡಿ ಡೇಸ್’ ಎಪಿಸೋಡ್‌ಗಳನ್ನು ಯಾರ್ಯಾರೋ ಜೂಮ್ ಮಾಡಿ ಹಾಕಿದ್ದಾರೆ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದದ್ದು. ಆ ಹೆಂಚಿನ ಮನೆಗಳ ಸೂರು ಕಾಣದಿದ್ದರೆ ಅದೇನು ಆಗುಂಬೆ? ಶುರುವಿನಲ್ಲಿ ಬರುವ ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳಿಗೂ ಕತ್ತರಿ ಬಿದ್ದಿದೆ. ಇನ್ನು ರೀಲ್ಸ್. ಉದ್ದದ ಪರದೆಗೆ ಹಳೇ ಹಾಡು ತುಂಬಿಸಿದರೆ ಅರ್ಧ ಚಿತ್ರವೂ ಉಳಿಯುವುದಿಲ್ಲ. ನಮ್ಮ ಅಣ್ಣನ ಮಗಳು ಇಂಥದ್ದೊಂದನ್ನು ತೋರಿಸಿ “ಅತ್ತೆ, ನಿಮ್ಮ ಕಾಲದ್ದು, ಎಷ್ಟು ಚೆನ್ನಾಗಿದೆ” ಅಂದಳು. ಇಬ್ಬರು ಹಾಡುವ ಹಾಡಿನಲ್ಲಿ ಒಬ್ಬರು ಕಾಣುತ್ತಲೇ ಇರಲಿಲ್ಲ. ಆ ಮಗು ಇನ್ನೊಬ್ಬರು ಇದ್ದಾರೆ ಅಂತಲೇ ಅಂದುಕೊಂಡಿರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ನಾವು ಪೂರ್ತಿ ನೋಡಿದವರು, ಏನು ಹೋಯಿತು ಅಂತ ಗೊತ್ತಾಗುತ್ತದೆ. ಅವಳಿಗೆ ಹೇಗೆ ಗೊತ್ತಾಗಬೇಕು?

ಇದೇ ಚಾನೆಲ್ ಮುಂದಿನ ಭಾನುವಾರ ‘ಶರಪಂಜರ’ ಹಾಕುತ್ತದಂತೆ. 1971ರ ಚಿತ್ರ, ಅದೂ ಪುಟ್ಟಣ್ಣನದ್ದೇ. ಕಲ್ಪನಾ ಅವರ ಮುಖ, ಕೈ, ಅವರು ನಿಂತ ರೀತಿ, ಎಲ್ಲ ಸೇರಿದರೇನೇ ಆ ಕಾವೇರಿ ಪಾತ್ರ. ಚಾನೆಲ್‌ನವರ ಪೇಜ್‌ನಲ್ಲಿ ಈಗಲೇ ಬರೆದಿದ್ದೇನೆ: ದಯವಿಟ್ಟು ಜೂಮ್ ಮಾಡಬೇಡಿ, ಕಪ್ಪು ಪಟ್ಟಿ ಇರಲಿ, ನಮಗೆ ಪೂರ್ತಿ ಚಿತ್ರ ಕೊಡಿ ಅಂತ. ನನ್ನೊಬ್ಬಳ ಮಾತಾದರೆ ಯಾರೂ ಓದುವುದಿಲ್ಲ. ಇಲ್ಲಿ ಲೈಕ್ ಒತ್ತುವ ಬದಲು ನೀವೂ ಅಲ್ಲಿ ಹೋಗಿ ಇದೇ ಮಾತನ್ನು ಬರೆಯಿರಿ. ಭಾನುವಾರಕ್ಕೆ ಇನ್ನೂ ಒಂದು ವಾರ ಇದೆ.