ಮೆನು ಕಾಣಲಿಲ್ಲ ಅಂತ ಇಡೀ ಉಬುಂಟುವನ್ನೇ ಅಳಿಸಿಬಿಡೋದಾ?

ಹೊಟ್ಟೆ ಉರೀತಾ ಇದೆ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ರಿಪೇರಿ ಅಂಗಡಿಗೆ ನಮ್ಮ ಲ್ಯಾಪ್‌ಟಾಪ್ ಕೊಟ್ಟಿದ್ದೆವು. ಅದರಲ್ಲಿ ವಿಂಡೋಸ್, ಉಬುಂಟು (ಲಿನಕ್ಸ್‌ನ ಒಂದು ಬಗೆ) ಅಂತ ಎರಡು ಆಪರೇಟಿಂಗ್ ಸಿಸ್ಟಮ್ ಇದ್ದವು. ವಿಂಡೋಸ್ ಕೆಟ್ಟಿತ್ತು, ಅದನ್ನಷ್ಟೇ ಹೊಸದಾಗಿ ಹಾಕಬೇಕಿತ್ತು. ‘ಉಬುಂಟು ಮುಟ್ಟಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆದ ಚೀಟಿಯನ್ನು ಕೀಬೋರ್ಡ್ ಪಕ್ಕದಲ್ಲೇ ಅಂಟಿಸಿದ್ದೆ. ನನಗೆ ‘ನುಡಿ’ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪಿಂಗ್ ಕೆಲಸ, ವಿಂಡೋಸ್ ಬೇಕೇ ಬೇಕು. ತಮ್ಮನ ಫೈನಲ್ ಇಯರ್ ಪ್ರಾಜೆಕ್ಟ್ ಪೂರ್ತಿ ಉಬುಂಟುವಿನಲ್ಲಿತ್ತು.

ಸಂಜೆ ಅಂಗಡಿಯವನ ಫೋನ್ ಬಂತು. “ನಿಮ್ಮ ಲಿನಕ್ಸ್ ಹೋಗ್ಯಾದ್ರೀ. ಪೂರಾ ಫಾರ್ಮ್ಯಾಟ್ ಹೊಡದೀನಿ.”

ಎಲ್ಲಿಗೆ ಹೋಗುತ್ತೆ ರೀ ಅದು? ಡಿಸ್ಕ್‌ನಲ್ಲೇ ಇತ್ತಲ್ಲ! ವಿಂಡೋಸ್ ಹೊಸದಾಗಿ ಹಾಕಿದಾಗ ತನ್ನ ಬೂಟ್ ಮ್ಯಾನೇಜರನ್ನು (ಸಿಸ್ಟಮ್ ಶುರು ಮಾಡುವ ಪ್ರೋಗ್ರಾಂ) ಮೊದಲ ಸ್ಥಾನಕ್ಕೆ ತಂದುಕೊಳ್ಳುತ್ತದೆ. ಹಾಗಾಗಿ ಆನ್ ಮಾಡಿದಾಗ ಯಾವ ಸಿಸ್ಟಮ್ ಬೇಕು ಅಂತ ಕೇಳುವ, ಉಬುಂಟುವಿನ ಗ್ರಬ್ ಮೆನು ಬರದೆ ನೇರವಾಗಿ ವಿಂಡೋಸ್ ತೆರೆಯುತ್ತದೆ, ಅಷ್ಟೇ. ಶುರು ಮಾಡುವ ಫೈಲ್‌ಗಳಿರುವ ಡಿಸ್ಕ್‌ನ ಭಾಗದಲ್ಲಿ, ಅಂದರೆ ಇಎಫ್‌ಐ ಪಾರ್ಟಿಷನ್ನಿನಲ್ಲಿ, ಉಬುಂಟುವಿನ ಫೋಲ್ಡರ್ ಬೇರೆ, ವಿಂಡೋಸಿನದು ಬೇರೆ. ಬಯಾಸ್‌ಗೆ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್) ಹೋಗಿ ಬೂಟ್ ಆರ್ಡರ್‌ನಲ್ಲಿ ಉಬುಂಟುವನ್ನು ಮೇಲಕ್ಕೆ ತಂದಿದ್ದರೆ ಮೆನು ವಾಪಸ್ ಬರುತ್ತಿತ್ತು. ಅಲ್ಲಿ ಹೆಸರೇ ಇಲ್ಲದಿದ್ದರೂ ಉಬುಂಟು ನೇರವಾಗಿ ಓಡುವ ಲೈವ್ ಪೆನ್‌ಡ್ರೈವ್ ಹಾಕಿ ಗ್ರಬ್ ಮತ್ತೆ ಕೂರಿಸಬಹುದಿತ್ತು. ಗ್ರಬ್ ಬಂದ ಮೇಲೆ ವಿಂಡೋಸ್ ಕಾಣದೇ ಹೋದರೆ ಅದಕ್ಕೂ ದಾರಿ ಇದೆ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಸಿಸ್ಟಮ್ ಹುಡುಕುವ ‘ಓಎಸ್-ಪ್ರೋಬರ್’ ತಾನಾಗಿ ಓಡುವುದಿಲ್ಲ. ಸೆಟ್ಟಿಂಗ್ ಫೈಲ್‌ನಲ್ಲಿ ಒಂದು ಸಾಲು ಬದಲಿಸಿ ‘ಅಪ್‌ಡೇಟ್-ಗ್ರಬ್’ ಕಮಾಂಡ್ ಕೊಟ್ಟರೆ ಮುಗಿಯಿತು. ಚಹಾ ಕುಡಿದು ಬರುವಷ್ಟರಲ್ಲಿ ಆಗುವ ಕೆಲಸ.

ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಎಲ್ಲರಿಗೂ ಎಲ್ಲಾ ಗೊತ್ತಿರಬೇಕು ಅಂತೇನಿಲ್ಲ. ಆದರೆ ಅಳಿಸುವ ಮುಂಚೆ ಒಂದು ಫೋನ್ ಮಾಡಬೇಕಲ್ವಾ? ವಿಂಡೋಸ್ ಒಳಗಿಂದ ನೋಡಿದರೆ ಲಿನಕ್ಸ್ ಪಾರ್ಟಿಷನ್‌ಗೆ ಡ್ರೈವ್ ಅಕ್ಷರ ಇರುವುದಿಲ್ಲ. ಅಷ್ಟಕ್ಕೇ ಅದನ್ನು ಖಾಲಿ ಜಾಗ ಅಂದುಕೊಂಡು ‘ಡಿ ಡ್ರೈವ್’ ಮಾಡಿಟ್ಟಿದ್ದಾನೆ. ಮೇಲೆ ಫಾರ್ಮ್ಯಾಟ್ ಚಾರ್ಜ್ ಬೇರೆ ಹಾಕಿದ್ದಾನೆ! ಜೋರು ಮಾಡಿ ಕೇಳಿದ್ದಕ್ಕೆ, ಬಿಲ್ ಕೆಳಗಿನ ‘ಡೇಟಾಗೆ ನಾವು ಜವಾಬ್ದಾರರಲ್ಲ’ ಅನ್ನುವ ಸೀಲ್ ಮೇಲೆ ಬೆರಳಿಟ್ಟು ತೋರಿಸಿದ. ನನ್ನ ಚೀಟಿ ಇನ್ನೂ ಅಲ್ಲೇ ಅಂಟಿಕೊಂಡಿತ್ತು.

ಕೋಡ್‌ನ ಕಾಪಿ ಬೇರೆ ಕಡೆ ಇದೆ, ಅದೊಂದು ಪುಣ್ಯ. ಆದರೆ ರಾತ್ರಿಗಟ್ಟಲೆ ಓಡಿಸಿ ತಯಾರು ಮಾಡಿದ್ದ ಮಾಡೆಲ್ ಫೈಲ್‌ಗಳು ಹೋದವು. ಅಳಿದದ್ದನ್ನು ಹುಡುಕುವ ಟೆಸ್ಟ್‌ಡಿಸ್ಕ್ ಹಾಕಿ ನೋಡಿದೆವು, ಏನೂ ಸಿಗಲಿಲ್ಲ. ಎಸ್‌ಎಸ್‌ಡಿ ಅಲ್ವಾ, ಫಾರ್ಮ್ಯಾಟ್ ಮಾಡುವಾಗಲೇ ಟ್ರಿಮ್ (ಬಳಕೆಯಲ್ಲಿಲ್ಲದ ಜಾಗ ಖಾಲಿ ಮಾಡುವ ಆದೇಶ) ಓಡಿ ಹಳೆಯದನ್ನೆಲ್ಲ ಒರೆಸಿರುತ್ತದೆ. ಈ ಬಿಸಿಲಲ್ಲಿ, ಕರೆಂಟ್ ಹೋಗಿ ಬರುವ ನಡುವೆ, ತಮ್ಮ ಮತ್ತೆ ಮೊದಲಿಂದ ಓಡಿಸುತ್ತಿದ್ದಾನೆ. ನಾಳೆ ಬೆಳಗ್ಗೆ ಬಿಲ್, ಚೀಟಿ ಎರಡೂ ಹಿಡಿದು ಅಂಗಡಿಗೆ ಹೋಗುತ್ತೇನೆ. ದುಡ್ಡು ವಾಪಸ್ ಕೊಡುವವರೆಗೂ ಅಲ್ಲಿಂದ ಏಳುವುದಿಲ್ಲ.