ಇಸಿಜಿ ಸರಿಯಿದ್ದರೆ ಹೃದಯದ ರಕ್ತನಾಳವೂ ಸರಿ ಎಂದಲ್ಲ

ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ‘ಇಸಿಜಿ ನಾರ್ಮಲ್ ಇದ್ದರೆ ಹೃದಯದ ರಕ್ತನಾಳದಲ್ಲಿ ಹುಟ್ಟುದೋಷ ಇಲ್ಲ. ಇದ್ದರೆ ಆಪರೇಷನ್ನೇ ಗತಿ.’ ಎರಡೂ ತಪ್ಪು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಧಮನಿಯ ತಪ್ಪು ಜಾಗದಿಂದ ಹುಟ್ಟುವುದೇ ಇಲ್ಲಿ ಹೇಳುವ ಹುಟ್ಟುದೋಷ.

ಸುಮ್ನೆ ಮಲಗಿದ್ದಾಗ ತೆಗೆದ ಇಸಿಜಿಯಲ್ಲಿ ಈ ದೋಷ ಹೆಚ್ಚಾಗಿ ಕಾಣುವುದಿಲ್ಲ. ದೊಡ್ಡವರಲ್ಲಿ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಕಣ್ಣಿಗೂ ತಪ್ಪಬಹುದು. ನಾಳ ಎಲ್ಲಿ ಹುಟ್ಟಿ ಹೇಗೆ ಸಾಗಿದೆ ಎಂದು ಸ್ಪಷ್ಟವಾಗಿ ತೋರಿಸುವುದು ಸಿಟಿ ಆಂಜಿಯೋಗ್ರಾಮ್, ಅಂದರೆ ಬಣ್ಣದ ಮದ್ದು ಕೊಟ್ಟು ರಕ್ತನಾಳಗಳ ಚಿತ್ರ ತೆಗೆಯುವ ಸಿಟಿ ಸ್ಕ್ಯಾನ್.

ಎಡ ನಾಳ ಮಹಾಧಮನಿಯ ಬಲಬದಿಯಿಂದ ಹುಟ್ಟಿ, ಮಹಾಧಮನಿ ಮತ್ತು ಶ್ವಾಸಕೋಶದ ಧಮನಿಯ ನಡುವೆ ನುಸುಳಿದ್ದರೆ ಅಪಾಯ ಜಾಸ್ತಿ. ಅಂಥವರಿಗೆ ಸಾಮಾನ್ಯವಾಗಿ ಆಪರೇಷನ್ ಹೇಳುತ್ತಾರೆ. ಬಲ ನಾಳ ಎಡಬದಿಯಿಂದ ಹುಟ್ಟಿದ್ದು, ತೊಂದರೆಯೂ ಇಲ್ಲ, ಸ್ಟ್ರೆಸ್ ಪರೀಕ್ಷೆಯೂ (ಹೃದಯಕ್ಕೆ ಶ್ರಮ ಕೊಟ್ಟು ನೋಡುವ ಪರೀಕ್ಷೆ) ಸರಿಯಿದೆ ಎಂದಾದರೆ ಹಲವರಿಗೆ ನಿಗಾ ಸಾಕು.

ಕಬಡ್ಡಿ ಆಡುವಾಗ ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ದಯವಿಟ್ಟು ‘ಗ್ಯಾಸ್’ ಎಂದು ಬಿಡಬೇಡಿ. ಆಟ ನಿಲ್ಲಿಸಿ, ಹೃದ್ರೋಗ ತಜ್ಞರಿಗೆ ತೋರಿಸಿ.